ನೆಲ ನೋಡಿ ನೆಲೆಸುವ ಸೂಕ್ಷ್ಮಾಣುಗಳು

ನನ್ನ ತರಗತಿಯ ಹುಡುಗನೊಬ್ಬನ ನೀರಿನ ಬಾಟಲಿ ವಾಸನೆ ಹೊಡೆಯುತ್ತಿತ್ತು. ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿ. ಒಳಗೆ ಬೆರಳಾಡಿಸಿದರೆ ಲೋಳೆ ಲೋಳೆ. 'ಮನೆಯಲ್ಲಿ ಇದನ್ನು ತೊಳೆಯುವುದೇ ಇಲ್ಲವೇನೋ?' ಎಂದು ಗದರಿದೆ. ಮಾರನೆಯ ದಿನ ಅವನ ತಾಯಿಯೇ ಶಾಲೆಗೆ ಬಂದರು. 'ದಿನಾ ಸ್ಕ್ರಬ್ಬರ್ ಹಾಕಿ ಗಸಗಸ ತಿಕ್ತೀನಿ ಮೇಷ್ಟ್ರೇ. ಆದ್ರೂ ಎರಡೇ ದಿನಕ್ಕೆ ಮತ್ತೆ ಹಾಗೇ ಆಗುತ್ತೆ' ಎಂದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಮೈ ತುಂಬ ಗೀರುಗಳು! ಹುಡುಗನನ್ನು ಗದರಿದ್ದಕ್ಕೆ ನನಗೇ ನಾಚಿಕೆಯಾಯಿತು. ಅಲ್ಲಿ ತೊಂದರೆ ತೊಳೆಯದಿದ್ದುದಲ್ಲ, ತೊಳೆದ ರೀತಿ.

ಲೋಳೆಯೊಳಗಿನ ಊರು

ಈ ಲೋಳೆಗೆ ವಿಜ್ಞಾನದಲ್ಲಿ ಬಯೋಫಿಲ್ಮ್, ಅಂದರೆ ಜೈವಿಕ ಪೊರೆ ಎಂದು ಹೆಸರು. ಪಾತ್ರೆಗೆ ನೀರು ತುಂಬಿದ ಸ್ವಲ್ಪ ಹೊತ್ತಿನಲ್ಲೇ ನೀರಿನಲ್ಲಿರುವ ಸಾವಯವ ಪದಾರ್ಥಗಳು ಗೋಡೆಗೆ ಅಂಟಿ ತೆಳುವಾದ ಲೇಪವಾಗುತ್ತವೆ. ತೇಲಿ ಬಂದ ಬ್ಯಾಕ್ಟೀರಿಯ ಮೊದಲು ಅದರ ಮೇಲೆ ಸಡಿಲವಾಗಿ ತಗಲಿಕೊಳ್ಳುತ್ತದೆ. ಜಾಗ ಅನುಕೂಲವಾಗಿದ್ದರೆ ಅಂಟು ಸ್ರವಿಸಿ ಭದ್ರವಾಗಿ ಕೂರುತ್ತದೆ, ಅಲ್ಲೇ ವಂಶ ಬೆಳೆಸುತ್ತದೆ. ಈ ಅಂಟಿನ ಹೊದಿಕೆಯೊಳಗೆ ಸೇರಿಕೊಂಡ ಬ್ಯಾಕ್ಟೀರಿಯಗಳಿಗೆ ಕ್ಲೋರಿನ್ ಕೂಡ ಸುಲಭವಾಗಿ ತಟ್ಟದು.

ಗೋಡೆಯ ಮೇಲೆ ಇವಕ್ಕೇಕೆ ಇಷ್ಟು ಪ್ರೀತಿ? ಅಮೆರಿಕದ ಕ್ಲಾಡ್ ಜೋಬೆಲ್ ಎಂಬ ವಿಜ್ಞಾನಿ ಸಮುದ್ರದ ನೀರಿನ ಬ್ಯಾಕ್ಟೀರಿಯಗಳನ್ನು ಪರೀಕ್ಷಿಸಿ 1943ರಲ್ಲಿ ಇದಕ್ಕೊಂದು ವಿವರಣೆ ನೀಡಿದ. ಆಹಾರಾಂಶ ಬಹಳ ತೆಳುವಾಗಿ ಹರಡಿರುವ ನೀರಿನಲ್ಲಿ, ಅದು ಘನ ಮೇಲ್ಮೈಗಳ ಬಳಿ ಶೇಖರವಾಗುತ್ತದೆ. ಊಟವಿದ್ದಲ್ಲಿ ನೆಂಟರು ನೆರೆಯುವುದು ಸಹಜವಲ್ಲವೇ?

ಎಂಥ ಗೋಡೆ?

ಆದರೆ ಎಲ್ಲ ಗೋಡೆಗಳೂ ಒಂದೇ ಅಲ್ಲ. ಮೊದಲನೆಯದು ಒರಟುತನ. ಹೆಚ್ಚಿನ ಬ್ಯಾಕ್ಟೀರಿಯಗಳ ಗಾತ್ರ ಒಂದೆರಡು ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಸ್ಕ್ರಬ್ಬರಿನ ಒಂದು ಗೀರು ಅವಕ್ಕೆ ದೊಡ್ಡ ಕಂದಕ! ಅದರೊಳಗೆ ಕುಳಿತವನ್ನು ನೀರಿನ ರಭಸವೂ ಮುಟ್ಟದು, ಬ್ರಷ್ಷಿನ ತುದಿಯೂ ತಲುಪದು. ಆಹಾರ ತಯಾರಿಸುವ ಕಾರ್ಖಾನೆಗಳಲ್ಲಿ ಆಹಾರ ತಗಲುವ ಸ್ಟೀಲಿನ ಸರಾಸರಿ ಒರಟುತನ 0.8 ಮೈಕ್ರಾನ್ ಮೀರಬಾರದೆಂಬ ಕಟ್ಟಳೆ ಬಂದದ್ದು ಇದೇ ಕಾರಣಕ್ಕೆ.

ಎರಡನೆಯದು, ನೀರಿನೊಡನೆ ಗೋಡೆಗಿರುವ ನಂಟು. ಶುಭ್ರವಾದ ಗಾಜಿನ ಮೇಲೆ ನೀರಿನ ಹನಿ ಹರಡಿಕೊಳ್ಳುತ್ತದೆ. ಪಾಲಿಥೀನಿನ ಮೇಲೆ ಉಂಡೆಯಾಗಿ ನಿಲ್ಲುತ್ತದೆ. ಹೀಗೆ ನೀರನ್ನು ದೂರವಿಡುವ ಪ್ಲಾಸ್ಟಿಕ್ಕಿಗೆ ಹಲವು ಬ್ಯಾಕ್ಟೀರಿಯಗಳು ಗಾಜಿಗಿಂತ ಬೇಗ ಅಂಟುತ್ತವೆ.

ಮೂರನೆಯದು, ವಸ್ತುವಿನ ರಾಸಾಯನಿಕ ಗುಣ. ತಾಮ್ರದಿಂದ ಬಿಡುಗಡೆಯಾಗುವ ಅಯಾನುಗಳು ಬ್ಯಾಕ್ಟೀರಿಯಗಳಿಗೆ ಮಾರಕ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲರಾ, ಟೈಫಾಯ್ಡ್ ಮುಂತಾದ ರೋಗಾಣುಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಬದುಕುಳಿಯಲಿಲ್ಲ. ಅಜ್ಜಿಯರ ತಾಮ್ರದ ಬಿಂದಿಗೆ ಬರೀ ಶಾಸ್ತ್ರಕ್ಕಲ್ಲ ಎಂದಾಯಿತು. ಆದರೆ ಮಜ್ಜಿಗೆ, ನಿಂಬೆಹಣ್ಣಿನ ಪಾನಕದಂಥ ಹುಳಿ ಪದಾರ್ಥಗಳನ್ನು ಅದರಲ್ಲಿ ಇಡಕೂಡದು. ತಾಮ್ರ ಅತಿಯಾಗಿ ಕರಗುತ್ತದೆ.

ಬೇಕಾದ ಲೋಳೆಯೂ ಉಂಟು

ಬಾಟಲಿಯಲ್ಲಿ ಬೇಡವಾದ ಇದೇ ಲೋಳೆಯನ್ನು ಕೊಳಚೆ ನೀರು ಶುದ್ಧೀಕರಿಸುವವರು ಕರೆದು ಕೂರಿಸುತ್ತಾರೆ. ಅಲ್ಲಿ ಬ್ಯಾಕ್ಟೀರಿಯಗಳು ಕೊಳೆಯನ್ನೇ ಉಂಡು ನೀರನ್ನು ತಿಳಿಯಾಗಿಸುತ್ತವೆ. ಹಿಂದೆ ಇದಕ್ಕೆ ಜಲ್ಲಿಕಲ್ಲಿನ ಹಾಸು ಬಳಸುತ್ತಿದ್ದರು. 1980ರ ದಶಕದ ಕೊನೆಯಲ್ಲಿ ನಾರ್ವೆ ದೇಶದವರು ಗಾಲಿಯಾಕಾರದ ಪಾಲಿಥೀನ್ ಬಿಲ್ಲೆಗಳನ್ನು ತೊಟ್ಟಿಯಲ್ಲಿ ತೇಲಿಬಿಟ್ಟರು. ಅಗಲ ಸುಮಾರು 10 ಮಿಲಿಮೀಟರ್, ಎತ್ತರ 7, ಒಳಗೆ ಕೂಡು ಗುರುತಿನಂಥ ಅಡ್ಡಗೋಡೆ. ಬಿಲ್ಲೆಗಳು ಒಂದಕ್ಕೊಂದು ಉಜ್ಜಿಕೊಂಡು ಹೊರಮೈಯ ಲೋಳೆ ಕಿತ್ತುಹೋದರೂ ಒಳಗಿನದು ಭದ್ರ. ಒಂದು ಘನ ಮೀಟರ್ ಬಿಲ್ಲೆಗಳಲ್ಲಿ ಹೀಗೆ ಸುರಕ್ಷಿತವಾದ ಮೇಲ್ಮೈ ಸುಮಾರು 500 ಚದರ ಮೀಟರ್! ಇಂದು ಬೆಂಗಳೂರಿನ ಎಷ್ಟೋ ವಸತಿ ಸಮುಚ್ಚಯಗಳ ಶುದ್ಧೀಕರಣ ಘಟಕಗಳಲ್ಲೂ ಇಂಥ ಬಿಲ್ಲೆಗಳಿವೆ.

ನೀವೇ ಮಾಡಿ ನೋಡಿ

ಒಂದೇ ಪ್ಲಾಸ್ಟಿಕ್ ಡಬ್ಬಿಯಿಂದ ನಾಲ್ಕು ತುಂಡು ಕತ್ತರಿಸಿ. ಎರಡನ್ನು ಉಪ್ಪುಕಾಗದದಿಂದ ಉಜ್ಜಿ. ನುಣುಪಿನದೊಂದು, ಒರಟಿನದೊಂದನ್ನು ಕೆರೆಯ ನೀರಿರುವ ಲೋಟದಲ್ಲಿ ಹತ್ತು ದಿನ ಇಳಿಬಿಡಿ. ಉಳಿದೆರಡು ಒಣಗಿದಂತೆಯೇ ಇರಲಿ. ಆಮೇಲೆ ನಾಲ್ಕನ್ನೂ ಮೆಲ್ಲಗೆ ತೊಳೆದು, ಔಷಧದಂಗಡಿಯಲ್ಲಿ ಸಿಗುವ ಜೆನ್ಶಿಯನ್ ವಯೊಲೆಟ್ ದ್ರಾವಣದಲ್ಲಿ ಹತ್ತು ನಿಮಿಷ ಅದ್ದಿ, ಮತ್ತೆ ತೊಳೆಯಿರಿ. ಯಾವುದರಲ್ಲಿ ನೇರಳೆ ಬಣ್ಣ ಹೆಚ್ಚು ಉಳಿಯಿತು? ಒಣ ತುಂಡುಗಳೊಂದಿಗೆ ಹೋಲಿಸುವುದನ್ನು ಮರೆಯಬೇಡಿ. ಗೀರಿನಲ್ಲಿ ಸುಮ್ಮನೆ ನಿಂತ ಬಣ್ಣ ಯಾವುದು, ಲೋಳೆ ಹಿಡಿದ ಬಣ್ಣ ಯಾವುದು ಎಂದು ಆಗಲೇ ತಿಳಿಯುವುದು. ಹಿರಿಯರ ಜೊತೆಯಲ್ಲಿ ಮಾಡಿ, ಕೊನೆಗೆ ಸೋಪಿನಿಂದ ಕೈ ತೊಳೆಯಿರಿ.

ತಂದೆತಾಯಂದಿರಿಗೆ ಒಂದು ಮಾತು. ಬಾಟಲಿಯನ್ನು ದಿನವೂ ಮೃದುವಾದ ಬ್ರಷ್ಷಿನಿಂದ ಸೋಪು ಹಾಕಿ ತೊಳೆಯಿರಿ. ಮುಚ್ಚಳದ ತಿರುಪು, ರಬ್ಬರಿನ ಉಂಗುರ ಬಿಡಬೇಡಿ. ರಾತ್ರಿ ಬೋರಲು ಹಾಕಿ ಒಣಗಿಸಿ. ಗೀರು ಬಿದ್ದ ಪ್ಲಾಸ್ಟಿಕ್ಕಿಗೆ ವಿದಾಯ ಹೇಳಿ. ಆ ಹುಡುಗ ಈಗ ಸ್ಟೀಲ್ ಬಾಟಲಿ ತರುತ್ತಾನೆ. ಹಳೆಯ ಬಾಟಲಿ ನನ್ನ ಪ್ರಯೋಗಶಾಲೆಯ ಕಪಾಟಿನಲ್ಲಿದೆ; ಪ್ರತಿವರ್ಷ ಅದನ್ನು ಬೆಳಕಿಗೆ ಹಿಡಿದೇ ಈ ಪಾಠ ಶುರುಮಾಡುತ್ತೇನೆ.