ಕೂಡಿ ಕಳೆದು ಪೈ ತಲುಪುವ ಬಗೆ

ಒಂದು ಸಂಖ್ಯೆಯನ್ನು ಕೂಡಿಸಿ, ಮುಂದಿನದನ್ನು ಕಳೆದು, ಮತ್ತೆ ಕೂಡಿಸಿ, ಹೀಗೆ ಕೊನೆಯಿಲ್ಲದೆ ಸಾಗುವ ಶ್ರೇಣಿಗೆ ಆಲ್ಟರ್ನೇಟಿಂಗ್ ಸೀರೀಸ್ ಎನ್ನುತ್ತಾರೆ. ಇದರ ಅತಿ ಸುಂದರ ಉದಾಹರಣೆ ನಮ್ಮ ಪಕ್ಕದ ಕೇರಳದ್ದು. 1 − 1/3 + 1/5 − 1/7 + … ಎಂದು ಮುಂದುವರಿಸಿದರೆ ಪೈನ ಕಾಲುಭಾಗ ಸಿಗುತ್ತದೆ. ಕಂಡುಕೊಂಡವನು ಸಂಗಮಗ್ರಾಮದ ಮಾಧವ (ಸುಮಾರು 1340–1425). ಯುರೋಪಿನಲ್ಲಿ ಲೈಬ್ನಿಜ್‌ಗೆ ಇದು ಹೊಳೆದದ್ದು 1670ರ ದಶಕದಲ್ಲಿ.

ಮುಗಿಯದ ಲೆಕ್ಕಕ್ಕೆ ಉತ್ತರ ಎಲ್ಲಿಂದ ಬಂತು ಅಂತೀರಾ? ಪ್ರತಿ ಪದವನ್ನೂ 4ರಿಂದ ಗುಣಿಸಿ, ಮೊತ್ತ ಬರೆಯುತ್ತಾ ಹೋಗಿ. ಒಂದು ಪದಕ್ಕೆ 4. ಎರಡಕ್ಕೆ 2.667. ಮೂರಕ್ಕೆ 3.467. ನಾಲ್ಕಕ್ಕೆ 2.895. ಐದಕ್ಕೆ 3.340. ದೊಡ್ಡ ಮೊತ್ತಗಳು ಇಳಿಯುತ್ತಿವೆ, ಚಿಕ್ಕವು ಏರುತ್ತಿವೆ. ನಡುವಿನ ಜಾಗ ಕಿರಿದಾಗುತ್ತಾ ಬಂದು 3.14159… ಒಂದೇ ಉಳಿಯುತ್ತದೆ. ಇದೇ ಕನ್ವರ್ಜೆನ್ಸ್, ಅಂದರೆ ಅಭಿಸರಣ.

ಎಲ್ಲ ಶ್ರೇಣಿಗೂ ಹೀಗಾಗುತ್ತದೆಯೇ? ಇಲ್ಲ. ಚಿಹ್ನೆ ಬದಲಾಗುತ್ತಿರಬೇಕು, ಪದಗಳು ಚಿಕ್ಕದಾಗುತ್ತಾ ಹೋಗಬೇಕು, ಸೊನ್ನೆಯನ್ನು ಸಮೀಪಿಸಬೇಕು. ಈ ಮೂರೂ ಇದ್ದರೆ ಸಾಕು ಎನ್ನುವುದೇ ಬಿ.ಎಸ್ಸಿ.ಯಲ್ಲಿ ಕಲಿಸುವ ಲೈಬ್ನಿಜ್ ಪರೀಕ್ಷೆ. 1 − 1 + 1 − 1 + … ಇಲ್ಲಿ ಸೋಲುತ್ತದೆ. ಅದರ ಮೊತ್ತ 1 ಮತ್ತು 0 ನಡುವೆ ಅಲೆಯುತ್ತಲೇ ಇರುತ್ತದೆ. ಇನ್ನೊಂದು ಎಚ್ಚರಿಕೆ: ಮಾಧವನ ಶ್ರೇಣಿಯಂಥವುಗಳಲ್ಲಿ ಪದಗಳ ಕ್ರಮವನ್ನು ಮನಬಂದಂತೆ ಬದಲಿಸಬೇಡಿ, ಉತ್ತರವೇ ಬದಲಾದೀತು.

ಇನ್ನು ಇದಕ್ಕೆ ಬೇಕಾದ ಶ್ರಮದ ಮಾತು. ಎಲ್ಲಿ ನಿಲ್ಲಿಸಿದರೂ ತಪ್ಪು ಎಂದೂ ಮುಂದಿನ ಪದಕ್ಕಿಂತ ಹೆಚ್ಚಿರುವುದಿಲ್ಲ, ಈ ಭರವಸೆ ದೊಡ್ಡದು. ಆದರೆ ಶ್ರೇಣಿ ಬಲು ನಿಧಾನ. ನೂರು ಪದ ಕೂಡಿ ಕಳೆದರೂ ಸಿಗುವುದು 3.1316 ಮಾತ್ರ.

ಮಾಧವನ ನಿಜವಾದ ಹಿರಿಮೆ ಇರುವುದು ಇಲ್ಲಿ. ನಿಲ್ಲಿಸಿದ ಕಡೆ ಒಂದು ತಿದ್ದುಪಡಿ ಸೇರಿಸುವ ಉಪಾಯ ಅವನ ಪರಂಪರೆ ನಮಗೆ ಕೊಟ್ಟಿದೆ. ಪದಗಳ ಎಣಿಕೆ 5 ಎನ್ನಿ. ಅದರ ನಾಲ್ಕು ಪಟ್ಟು 20. 5ರ ವರ್ಗದ ನಾಲ್ಕು ಪಟ್ಟಿಗೆ ಒಂದು ಸೇರಿಸಿದರೆ 101. 20/101 ಅಂದರೆ 0.19802. ಕೊನೆಯ ಪದವನ್ನು ಕೂಡಿದ್ದರೆ ಇದನ್ನು ಕಳೆಯಿರಿ, ಕಳೆದಿದ್ದರೆ ಕೂಡಿಸಿ. 3.33968 − 0.19802 = 3.14166. ಬರೀ ಐದು ಪದಕ್ಕೆ!

ಈ ಸಾಧನೆಯ ವಿವರ ಜ್ಯೇಷ್ಠದೇವನ ಮಲಯಾಳಂ ಗ್ರಂಥ ‘ಯುಕ್ತಿಭಾಷಾ’ದಲ್ಲಿದೆ. ಕೆ.ವಿ. ಶರ್ಮಾ ಅವರ ಇಂಗ್ಲಿಷ್ ಅನುವಾದ 2008ರಲ್ಲಿ ವಿವರಣೆ ಸಮೇತ ಪ್ರಕಟವಾಗಿದೆ. ಪುಸ್ತಕ ಕೈಗೆ ಸಿಗುವ ತನಕ ಹತ್ತು ಪದಗಳ ಲೆಕ್ಕ ಮಾಡಿ ನೋಡಿ. ತಿದ್ದುಪಡಿ 40/401. ಈ ಸಲ ಕೂಡಿಸಬೇಕು, 3.14159 ಬರಬೇಕು.