ಮೂಕವಾದ ಹಾಡುಪೆಟ್ಟಿಗೆ

ದುಬೈಯಿಂದ ಬಂದ ಅಂಗೈಯಗಲದ ಎಂಪಿ೩ ಹಾಡುಪೆಟ್ಟಿಗೆಯೊಂದನ್ನು ಮುಂಡರಗಿಯ ನಮ್ಮ ಅಜ್ಜನಿಗೆ ಕೊಟ್ಟೆವು. ಗದುಗಿನಲ್ಲಿ ಬಾಲ್ಯ ಕಳೆದ ಭೀಮಸೇನ ಜೋಶಿಯವರ (೧೯೨೨–೨೦೧೧) ಗಾಯನವೇನೋ ಕೇಳಿಸಿತು. ತೀರಿಕೊಂಡ ಅಜ್ಜಿಯ ಬೀಸುವ ಪದ ಮಾತ್ರ ಕೇಳಿಸಲಿಲ್ಲ.

“ತಮ್ಮಾ, ನಿಮ್ಮಜ್ಜಿ ಯಾಕ ಹಾಡವಲ್ಲಳು?” ಎಂದ ಅಜ್ಜ.

ಕಾರಣ ಸರಳವಾದುದು. ಮೊಬೈಲು ಆ ಧ್ವನಿಯನ್ನು ಎಂ೪ಎ ರೂಪದಲ್ಲಿ ಮುದ್ರಿಸಿಕೊಂಡಿತ್ತು. ಈ ಪೆಟ್ಟಿಗೆಗೆ ಆ ರೂಪ ತಿಳಿಯದು. ಕಡತದ ಹೆಸರಿನ ಬಾಲವನ್ನಷ್ಟೇ ತಿದ್ದಿದರೆ ಸಾಲದು. ಗಣಕಯಂತ್ರದಲ್ಲಿ ಅದನ್ನು ಎಂಪಿ೩ ರೂಪಕ್ಕೆ ಪರಿವರ್ತಿಸಬೇಕು. ಪೆಟ್ಟಿಗೆಯು ಮೆಮೊರಿ ಕಾರ್ಡನ್ನೇ ಗುರುತಿಸದಿದ್ದರೆ, ಕಾರ್ಡನ್ನು ‘ಫ್ಯಾಟ್ ೩೨’ ಪದ್ಧತಿಗೆ ಫಾರ್ಮ್ಯಾಟ್ ಮಾಡಿ ನೋಡಬಹುದು. ಆದರೆ ವಾಚಕರೇ, ಫಾರ್ಮ್ಯಾಟ್ ಇದ್ದುದನ್ನೆಲ್ಲ ಅಳಿಸುತ್ತದೆ. ಮೊದಲು ಪ್ರತಿ ತೆಗೆದಿಡಿರಿ. ಅಜ್ಜಿ ಮತ್ತೊಮ್ಮೆ ಹಾಡಲಾರಳು.

ಪರಿವರ್ತಿಸಿ ತಂದುಕೊಟ್ಟೆ. ಅಜ್ಜ ಕಿವಿಗೊಟ್ಟು, “ಈಗ ಬಂದ್ಲು” ಎಂದ.