ಕರಿಗುಡ್ಡದ ಸೂಲಂಗಿ

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಪಶ್ಚಿಮ ಬಂಗಾಳದ ರಾಣಿಗಂಜಿನಲ್ಲಿ ಗುಡ್ಡಗಳ ತಲೆ ನರೆಯುತ್ತದೆ. ಮೈ ಕಪ್ಪು, ನೆತ್ತಿ ಬಿಳಿ. ಹತ್ತಿರ ಹೋದರೆ ಆಳೆತ್ತರದ ಹುಲ್ಲು, ತುದಿಗೆ ಬೆಳ್ಳಿಯಂಥ ಕುಚ್ಚು. ಊರವರು ಇದನ್ನು ಕಾಶ್ ಎನ್ನುತ್ತಾರೆ. ಇದು ಅರಳಿತೆಂದರೆ ದುರ್ಗಾಪೂಜೆಯ ಢಾಕ್ ವಾದ್ಯ ಅಟ್ಟದಿಂದ ಇಳಿಯಿತೆಂದೇ ಲೆಕ್ಕ.

ಗುಡ್ಡ ಅಂದೆ, ಗುಡ್ಡವಲ್ಲ. ಕಲ್ಲಿದ್ದಲನ್ನು ಮುಟ್ಟಲು ಅದರ ಮೇಲಿದ್ದ ಮಣ್ಣು, ಮರಳುಗಲ್ಲು, ಜೇಡಿಗಲ್ಲು ಎಲ್ಲವನ್ನೂ ಬಗೆದು ಡಂಪರುಗಳು ತಂದು ಸುರಿದ ರಾಶಿ. ಗಣಿಯವರ ಬಾಯಲ್ಲಿ ಅದು ‘ಓಬಿ’. ಸಮ್ನರ್ ಮತ್ತು ಹೀಟ್ಲಿ ಎಂಬ ಸಾಹೇಬರು ಈ ಸೀಮೆಯಲ್ಲಿ ಕಲ್ಲಿದ್ದಲು ಅಗೆಯಲು ತೊಡಗಿದ್ದು 1774ರಲ್ಲಿ. ಅಂದಿನಿಂದ ಇಲ್ಲಿನ ನೆಲ ಮಗುಚಿಕೊಳ್ಳುತ್ತಲೇ ಇದೆ. ಪಾತಾಳದ ಕಲ್ಲು ನೆತ್ತಿಗೇರಿದೆ, ಉತ್ತು ಬಿತ್ತುತ್ತಿದ್ದ ಮೇಲ್ಮಣ್ಣು ಎಲ್ಲೋ ಅಡಿಯಲ್ಲಿ ಹೂತಿದೆ. ಸುರಿದ ಮಳೆ ನಿಲ್ಲದೆ ಜಾರಿಹೋಗುತ್ತದೆ. ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ವೈಶಾಖದ ಮಧ್ಯಾಹ್ನ ಆ ಕರಿ ಇಳಿಜಾರು ಕಾದ ಹೆಂಚು.

ಅಲ್ಲಿಗೆ ಕಾಶ್ ಬರುವುದು ಗಾಳಿಯಲ್ಲಿ. ನಯವಾದ ರೋಮ ಹೊದ್ದ ಬೀಜ ಕಲ್ಲುಸಂದಿಯಲ್ಲಿ ಸಿಕ್ಕಿಕೊಂಡು ಒಂದು ಮಳೆಗೆ ಬೇರಿಳಿಸುತ್ತದೆ. ಆಮೇಲಿನ ಕೆಲಸವೆಲ್ಲ ನೆಲದೊಳಗೆ. ಕಾಂಡ ಅಡ್ಡಡ್ಡ ಹರಿದು, ಗೆಣ್ಣುಗೆಣ್ಣಿಗೂ ಮೊಳಕೆ ಎಬ್ಬಿಸಿ, ಜಾರುವ ರಾಶಿಯನ್ನು ಹೊಲಿಗೆ ಹಾಕಿದಂತೆ ಹಿಡಿಯುತ್ತದೆ. ಹಾರಿಬಂದ ದೂಳು, ಉದುರಿದ ತನ್ನದೇ ಗರಿ ಬುಡದಲ್ಲಿ ಸೇರಿ ಕೊಳೆತು ಒಂದು ಹಿಡಿ ಮಣ್ಣಾಗುತ್ತದೆ. ಓಬಿಯ ಮೇಲೆ ಹುಟ್ಟಿದ ಮೊದಲ ಮಣ್ಣು ಅದು.

ಆ ಕುಚ್ಚನ್ನು ಕಂಡ ಮಂಡ್ಯದವರು ‘ಕಬ್ಬು ಸೂಲಂಗಿ ಒಡೆದಿದೆ’ ಎಂದಾರು. ತಪ್ಪಲ್ಲ, ಎರಡೂ ಒಂದೇ ಕುಲ. ಕೊಯಮತ್ತೂರಿನಲ್ಲಿ ಕಬ್ಬಿನ ತಳಿತಜ್ಞರಾದ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಈ ಕಾಡುಹುಲ್ಲನ್ನೇ ರಸದಾಳಿಯಂಥ ದಪ್ಪ ಕಬ್ಬಿನೊಂದಿಗೆ ಕೂಡಿಸಿದರು. 1918ರಲ್ಲಿ ಕೋ 205 ತಳಿ ಹೊರಬಂತು. ನಮ್ಮ ಗದ್ದೆಗಳ ಕೋ 62175ರ ಮೈಯಲ್ಲೂ ಈ ಹುಲ್ಲಿನ ಅಂಶವಿದೆ. ಅದರ ಗಟ್ಟಿತನ ಎಲ್ಲಿಯದೆಂದು ಕೇಳುವವರು ಈ ಗುಡ್ಡ ಹತ್ತಿ ನೋಡಬೇಕು.

ಹುಲ್ಲಿನ ಬೆನ್ನಿಗೇ ಎಕ್ಕ. ಅದರದೂ ಹಾರುವ ಬೀಜ. ಕೊಯ್ದರೆ ಹಾಲು, ದನ ಬಾಯಿ ಹಾಕುವುದಿಲ್ಲ. ಕೊಗ್ಗಿ ಗಿಡ ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಟ್ಟುಕೊಳ್ಳುತ್ತದೆ. ಬೋರೆಯನ್ನು ಹಕ್ಕಿಗಳೋ ನರಿಗಳೋ ಹೊಟ್ಟೆಯಲ್ಲಿ ಹೊತ್ತು ತಂದಿರುತ್ತವೆ. ನಮ್ಮ ಕಾಂಗ್ರೆಸ್ ಗಿಡವೂ ಲಂಟಾನವೂ ಇಲ್ಲಿವೆ. ಲಂಟಾನ ಹಸಿರೇನೋ ಹೌದು, ಬೇರೆ ಗಿಡಗಳಿಗೆ ಜಾಗ ಬಿಟ್ಟುಕೊಡುವ ಹಸಿರಲ್ಲ. ಪಕ್ಕದ ದಿಬ್ಬದಲ್ಲಿ ಮನುಷ್ಯರು ನೆಟ್ಟ ಅಕೇಶಿಯಾ ಶಾಲೆಯ ಡ್ರಿಲ್ಲಿನಂತೆ ಸಾಲುಗಟ್ಟಿ ನಿಂತಿದೆ. ಮಲೆನಾಡಿನವರಿಗೆ ಅದರ ಪರಿಚಯ ಹೇಳಬೇಕಿಲ್ಲ. ನನ್ನ ಕಣ್ಣು ಮಾತ್ರ ಕರೆಯದೆ ಬಂದವರತ್ತಲೇ ಹೋಗುತ್ತದೆ.

ಕೆಲವು ಕಡೆ ಅವರೂ ಬಂದಿಲ್ಲ. ನೆಲದೊಳಗೆ ಕಲ್ಲಿದ್ದಲು ಹೊತ್ತಿಕೊಂಡಿರುವಲ್ಲಿ ಬಿರುಕಿನಿಂದ ಗಂಧಕದ ಘಾಟು ಏಳುತ್ತದೆ, ಸುತ್ತ ಬೋಳು. ಹಸಿರು ಎಲ್ಲಿ ನಿಂತಿದೆಯೋ ಅಲ್ಲಿಗೇ ನನ್ನ ಕಾಲೂ ನಿಲ್ಲುತ್ತದೆ.

ಸಂಜೆ ದೀಪ ಹಾಕಿಕೊಂಡು ಡಂಪರೊಂದು ಮೇಲೇರಿ ಬಂತು. ಹಿಂದಕ್ಕೆ ಸರಿದು ತೊಟ್ಟಿ ಎತ್ತಿತು. ಕಲ್ಲುಗಳು ಉರುಳಿ ಕೆಳಗಿನ ಹುಲ್ಲಿನ ಒಂದು ಮಗ್ಗುಲು ಮುಚ್ಚಿಹೋಯಿತು. ಎದ್ದ ದೂಳಿನ ಜತೆ ಬಿಳಿ ರೋಮಗಳೂ ಎದ್ದವು. ಅವುಗಳಲ್ಲಿ ನಾಲ್ಕಾರು ಆ ಡಂಪರಿನ ಎಣ್ಣೆ ಜಿಡ್ಡಿಗೆ ಅಂಟಿಕೊಂಡು ಗಣಿಯತ್ತ ಇಳಿದವು.